ಹಿಂದಿನ ಮೆಟ್ಟಿಲಿಗೆ ಬೀಗ ಬೇಡ: ಶಾಲೆಗಳ ಅಗ್ನಿ ಸುರಕ್ಷತೆ ಕುರಿತ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ನಾನು ರಾಜಾಜಿನಗರದ ಖಾಸಗಿ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ನಮ್ಮ ಮೂರು ಅಂತಸ್ತಿನ ಕಟ್ಟಡಕ್ಕೆ ಎರಡು ಮೆಟ್ಟಿಲುಗಳಿವೆ. ಮಕ್ಕಳು ಹೇಳದೆ ಕೇಳದೆ ಹೊರಗೆ ಹೋಗಬಾರದೆಂದು ಹಿಂದಿನ ಮೆಟ್ಟಿಲಿನ ಕೊಲ್ಯಾಪ್ಸಿಬಲ್ ಗೇಟಿಗೆ ಬೀಗ ಹಾಕಿ, ಕೀಲಿಯನ್ನು ವಾಚ್‌ಮನ್ ಬಳಿ ಇಟ್ಟಿದ್ದೇವೆ. ಇಷ್ಟು ಸಾಲದೆ?

ಉತ್ತರ: ಸಾಲದು. ಊರಿನ ಒಂದಲ್ಲ ಒಂದು ಬಡಾವಣೆಯಿಂದ ಈ ಪ್ರಶ್ನೆ ನನಗೆ ಬರುತ್ತಲೇ ಇದೆ, ಪ್ರತಿ ಸಲವೂ ಕೀಲಿ ವಾಚ್‌ಮನ್ ಬಳಿಯೇ ಇರುತ್ತದೆ. ಕೆಳಗಿನ ಮಹಡಿಯಲ್ಲಿ ಬೆಂಕಿ ಹೊತ್ತಿಕೊಂಡರೆ, ಜ್ವಾಲೆ ಮೇಲೇರುವ ಎಷ್ಟೋ ಮೊದಲೇ ಹೊಗೆಯು ತೆರೆದ ಮೆಟ್ಟಿಲನ್ನು ಚಿಮಣಿಯಂತೆ ಬಳಸಿಕೊಂಡು ಮೇಲಿನ ಕಾರಿಡಾರುಗಳನ್ನೆಲ್ಲ ತುಂಬುತ್ತದೆ. ಎರಡನೆಯ ಮೆಟ್ಟಿಲನ್ನು ಕಟ್ಟಿಸಿರುವುದೇ ಆ ಗಳಿಗೆಗಾಗಿ. 2010ರ ಫೆಬ್ರುವರಿ 23ರಂದು ನಮ್ಮ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ ಬೆಂಕಿ ಹೊತ್ತಿಕೊಂಡು ಒಂಬತ್ತು ಜನ ಸತ್ತರು, ಹೊಗೆಗೆ ಹೆದರಿ ಮೇಲಿನಿಂದ ಹಾರಿದವರೂ ಅವರಲ್ಲಿದ್ದರು. ಅವರೆಲ್ಲ ದೊಡ್ಡವರು, ನಿಮ್ಮ ಮಹಡಿಯಲ್ಲಿರುವುದು ಎಂಟು ವರ್ಷದ ಮಕ್ಕಳು.

ಒಂದು ಶಾಲೆಯ ತಪಾಸಣೆಗೆ ಹೋಗಿದ್ದಾಗ ಇಂಥದೇ ಗೇಟನ್ನು ತೆರೆಯಲು ಹೇಳಿ ಕೈಗಡಿಯಾರ ನೋಡುತ್ತ ನಿಂತಿದ್ದೆ. ವಾಚ್‌ಮನ್ ತಂದ ಗೊಂಚಲಿನಲ್ಲಿ ಹದಿನಾಲ್ಕು ಕೀಲಿಗಳಿದ್ದವು, ಒಂದರ ಮೇಲೂ ಗುರುತಿರಲಿಲ್ಲ. ಒಂಬತ್ತನೆಯ ಕೀಲಿಗೆ ಬೀಗ ಬಿಟ್ಟಿತು. ಕೆಳಗಿನ ಹಳಿಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿದ್ದರಿಂದ ಗೇಟು ಒಬ್ಬರು ಅಡ್ಡಡ್ಡ ತೂರುವಷ್ಟು ಮಾತ್ರ ಸರಿಯಿತು, ಅದರಾಚೆ ಮೆಟ್ಟಿಲ ಮೇಲೆ ಮುರಿದ ಡೆಸ್ಕುಗಳನ್ನು ಪೇರಿಸಿದ್ದರು. ಹಗಲು ಬೆಳಕಿನಲ್ಲಿ, ಹೊಗೆಯಿಲ್ಲದೆ, ಯಾರೂ ಅಳದೆ, ಇಷ್ಟಕ್ಕೇ ನಾಲ್ಕು ನಿಮಿಷ ಹಿಡಿಯಿತು. ಬೀಗವೇ ಇಲ್ಲದಿದ್ದರೂ ಕೊಲ್ಯಾಪ್ಸಿಬಲ್ ಗೇಟು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಒಳಗಿನಿಂದ ಮಕ್ಕಳ ಗುಂಪು ಒತ್ತಿದಾಗ ಪಕ್ಕಕ್ಕೆ ಸರಿಯಬೇಕಾದ ಆ ಗೇಟು ಹಳಿಯಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ.

ಹೊರಹೋಗುವ ಬಾಗಿಲು ಹೊರಕ್ಕೇ ತೆರೆಯಬೇಕು, ಒಳಗಿರುವವರಿಗೆ ಅದನ್ನು ತೆರೆಯಲು ಕೀಲಿ ಬೇಕಾಗಬಾರದು ಎಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ನಿಯಮ. ಆದ್ದರಿಂದ ಗೇಟನ್ನು ತೆಗೆಸಿ, ಮೈಭಾರ ಬಿದ್ದೊಡನೆ ತೆರೆದುಕೊಳ್ಳುವ ಪ್ಯಾನಿಕ್ ಬಾರ್ ಇರುವ ಬಾಗಿಲನ್ನು ಹಾಕಿಸಿ. ಅದಕ್ಕೊಂದು ಅಲಾರಂ ಕೂರಿಸಿದರೆ ತುಂಟ ಮಕ್ಕಳು ಹೊರಟದ್ದು ಆಫೀಸಿಗೆ ತಿಳಿಯುತ್ತದೆ, ಹೊರಗಿನವರು ಒಳಗೆ ಬರುವುದೂ ತಪ್ಪುತ್ತದೆ. ಅಲ್ಲಿಯವರೆಗೆ, ಬೆಳಗ್ಗೆ ಮೊದಲ ಮಗು ಬರುವ ಮುನ್ನ ಗೇಟನ್ನು ಪೂರ್ತಿ ಸರಿಸಿ, ಬೀಗವನ್ನು ನಿಮ್ಮ ಮೇಜಿನ ಮೇಲೆ ತಂದಿಡಲು ಹೇಳಿ. ಮುಂದಿನ ಅಣಕು ಕಾರ್ಯಾಚರಣೆಯಲ್ಲಿ ಮುಂದಿನ ಮೆಟ್ಟಿಲನ್ನು ಮುಚ್ಚಿ ಮಕ್ಕಳನ್ನೆಲ್ಲ ಹಿಂದಿನಿಂದಲೇ ಇಳಿಸಿ, ಆಗ ಡೆಸ್ಕುಗಳು ಎಲ್ಲಿವೆ ಎಂಬುದು ತಾನಾಗಿ ತಿಳಿಯುತ್ತದೆ. ಕುಂಭಕೋಣದಲ್ಲಿ 2004ರ ಜುಲೈ 16ರಂದು 94 ಮಕ್ಕಳು ಸುಟ್ಟು ಸತ್ತ ಶಾಲೆಯ ಮೆಟ್ಟಿಲು ಕಿರಿದಾಗಿತ್ತು. ನಿಮ್ಮಲ್ಲಿ ಅಗಲವಾದ ಮೆಟ್ಟಿಲು ಎರಡಿದ್ದೂ ಒಂದನ್ನು ನೀವೇ ಮುಚ್ಚಿದ್ದೀರಿ. ದಯವಿಟ್ಟು ನಾಳೆಯೇ ತೆರೆಸಿ.

ಪ್ರಶ್ನೆ: ಒದ್ದೆ ಕರವಸ್ತ್ರವನ್ನು ಮೂಗಿಗೆ ಹಿಡಿದರೆ ಹೊಗೆಯಿಂದ ಪಾರಾಗಬಹುದೇ?

ಉತ್ತರ: ಕರವಸ್ತ್ರ ಮಸಿಯನ್ನು ಸ್ವಲ್ಪ ತಡೆದೀತು, ಪ್ರಾಣ ತೆಗೆಯುವ ಕಾರ್ಬನ್ ಮೊನಾಕ್ಸೈಡನ್ನು ತಡೆಯಲಾರದು, ಅದನ್ನು ಒದ್ದೆ ಮಾಡಲು ನಲ್ಲಿ ಹುಡುಕದೆ, ಬಗ್ಗಿಕೊಂಡು ಹೊರಡಿ.

ಪ್ರಶ್ನೆ: ಬೆಂಕಿ ನಂದಿಸುವ ಸಿಲಿಂಡರುಗಳಿಗೆ ಏಜೆಂಟ್ ವರ್ಷಕ್ಕೊಮ್ಮೆ ಬಂದು ಹೊಸ ಸ್ಟಿಕರ್ ಅಂಟಿಸಿ ಹೋಗುತ್ತಾನೆ. ಅವನನ್ನು ನಂಬಬಹುದೇ?

ಉತ್ತರ: ಸಿಲಿಂಡರನ್ನು ಗೋಡೆಯಿಂದ ಇಳಿಸದೆ, ತೂಗದೆ, ಸ್ಟಿಕರ್ ಮಾತ್ರ ಬದಲಿಸುವವನು ಮೋಸಗಾರ, ಅವನಿಗೆ ಹಣ ಕೊಡಬೇಡಿ. ಒತ್ತಡದ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ, ಪಿನ್ನು ಮತ್ತು ಸೀಲು ಸರಿಯಾಗಿವೆಯೇ ಎಂಬುದನ್ನು ನಿಮ್ಮ ಶಾಲೆಯ ಅಟೆಂಡರ್ ತಿಂಗಳಿಗೊಮ್ಮೆ ನೋಡಬಲ್ಲರು.

ಪ್ರಶ್ನೆ: ಬೆಂಕಿಯ ಸಮಯದಲ್ಲಿ ಚಿಕ್ಕ ಮಕ್ಕಳನ್ನು ಮಾತ್ರ ಲಿಫ್ಟಿನಲ್ಲಿ ಇಳಿಸಬಹುದೇ?

ಉತ್ತರ: ಕೂಡದು.