ರನ್‌ವೇ ಅಂಚಿನ ಹಳದಿ ಗೆರೆ

ಪ್ರಶ್ನೆ: ಮಳೆಗಾಲದಲ್ಲಿ ಬಜಪೆಯಿಂದ ಮುಂಬೈಗೆ ಹೊರಟಾಗ ನಮ್ಮ ವಿಮಾನ ರನ್‌ವೇಯ ಹತ್ತಿರ ಬಹಳ ಹೊತ್ತು ನಿಂತಿತ್ತು. ನೆಲದ ಮೇಲೆ ಸಾಗುವಾಗಲೂ ವಿಮಾನಗಳು ದಾರಿ ತಪ್ಪುವುದುಂಟೇ?
– ಓದುಗರೊಬ್ಬರು, ಉಡುಪಿ

ಉತ್ತರ: ಉಂಟು. 1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದಲ್ಲಿ ಮಂಜು ಕವಿದಿದ್ದಾಗ, ಒಂದು ಜಂಬೋ ವಿಮಾನ ತಾನು ಹೊರಳಬೇಕಿದ್ದ ತಿರುವನ್ನು ದಾಟಿ ರನ್‌ವೇಯಲ್ಲೇ ಸಾಗುತ್ತಿರುವಾಗ ಇನ್ನೊಂದು ಅನುಮತಿಯಿಲ್ಲದೆ ಹಾರಲು ಓಟ ಆರಂಭಿಸಿದ್ದರಿಂದ 583 ಮಂದಿ ಪ್ರಾಣ ಕಳೆದುಕೊಂಡರು. 2001ರ ಅಕ್ಟೋಬರ್ 8ರಂದು ಮಿಲಾನ್‌ನ ಲಿನಾಟೆಯಲ್ಲಿ ಸಣ್ಣ ವಿಮಾನವೊಂದು ತಪ್ಪು ಟ್ಯಾಕ್ಸಿವೇ (ವಿಮಾನಗಳು ನಿಲುಗಡೆಯ ಜಾಗಕ್ಕೂ ರನ್‌ವೇಗೂ ನಡುವೆ ಸಾಗುವ ದಾರಿ) ಹಿಡಿದು ರನ್‌ವೇ ಹೊಕ್ಕಿದ್ದರಿಂದ 118 ಮಂದಿ ಸತ್ತರು, ಅಲ್ಲಿಯೂ ಮಂಜಿತ್ತು.

ರನ್‌ವೇಗೆ ಮೊದಲು ನೆಲದ ಮೇಲೆ ನಾಲ್ಕು ಹಳದಿ ಗೆರೆಗಳಿರುತ್ತವೆ, ಎರಡು ಅಖಂಡ, ಎರಡು ತುಂಡುತುಂಡು. ಅಖಂಡ ಗೆರೆಯ ಕಡೆಯಿಂದ ಬರುವ ಪೈಲಟ್, ಕಂಟ್ರೋಲ್ ಟವರ್ ನೀಡಿದ ಅನುಮತಿಯನ್ನು ತಾನೂ ಬಾಯಿಬಿಟ್ಟು ಮರಳಿ ಹೇಳಿ ಖಚಿತಪಡಿಸದೆ ಅದನ್ನು ದಾಟುವಂತಿಲ್ಲ. ನಿಮ್ಮ ವಿಮಾನ ಕಾದದ್ದು ಬಹುಶಃ ಅಲ್ಲಿಯೇ. ರಾತ್ರಿಯಾದರೆ ಕಿಟಕಿಯಿಂದ ನೋಡಿ: ಟ್ಯಾಕ್ಸಿವೇಯ ಅಂಚಿನ ದೀಪಗಳು ನೀಲಿ, ರನ್‌ವೇಯ ಅಂಚಿನವು ಹೆಚ್ಚಾಗಿ ಬಿಳಿ.

ಅಂದಹಾಗೆ, 158 ಮಂದಿಯನ್ನು ಬಲಿ ಪಡೆದ 2010ರ ಮೇ 22ರ ನಮ್ಮ ಬಜಪೆಯ ದುರಂತವನ್ನು ಅನೇಕರು ಇದರೊಂದಿಗೆ ಬೆರೆಸುತ್ತಾರೆ; ಅದು ಇಳಿಯುವಾಗ ವಿಮಾನವು ರನ್‌ವೇಯ ಕೊನೆಯನ್ನು ಮೀರಿ ಕಣಿವೆಗೆ ಜಾರಿದ ಬೇರೆಯೇ ಬಗೆಯ ಅಪಘಾತ.