ಹೆಂಡತಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ, ನಾನು ಕೆಲಸ ಬಿಟ್ಟು ಜೊತೆಗೆ ಹೋಗುತ್ತಿದ್ದೇನೆ. ಅಲ್ಲಿ ನನಗೆ ಹೊಂದಿಕೆಯಾಗುತ್ತಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರಾಗಬೇಡಿ. ಹೆಂಡತಿಗೆ ಬ್ಲೂ ಕಾರ್ಡ್ (ಓದಿದ ಹೊರದೇಶದವರಿಗೆ ಕೊಡುವ ಕೆಲಸದ ಪರವಾನಗಿ), ನಿಮಗೆ ಜೊತೆಗಾರರ ವೀಸಾ, ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಾಯಿತು, ಜರ್ಮನ್ ಒಂದಕ್ಷರ ಬರಲ್ಲ, ನೆಂಟರೆಲ್ಲ "ಹೆಂಡತಿ ಹಿಂದೆ ಹೊರಟನಂತೆ" ಅಂತಿದ್ದಾರೆ. ಇಷ್ಟೇ ತಾನೆ ನೀವು ಬರೆದಿರುವುದು? 2022ರಲ್ಲಿ ನಾನು ವಿಮಾನ ಹತ್ತಿದ್ದೂ ಹೀಗೆಯೇ. ಒಂಬತ್ತು ವರ್ಷ ಅಕೌಂಟ್ಸ್ ಕೆಲಸ ಮಾಡಿದವನು ನಾನು. ನನ್ನ ಹೆಂಡತಿ ಕಾರಿನ ಸಾಫ್ಟ್‌ವೇರ್ ಬರೆಯುವವಳು. ಬಾಷ್, ಮರ್ಸಿಡಿಸ್, ಪೋರ್ಷೆ ಎಲ್ಲದರ ಮನೆ ಈ ಊರು. ಬೆಂಗಳೂರಿನಿಂದ ಇಲ್ಲಿಗೆ ಅದೇ ಕೆಲಸದ ಜನ ಬರುತ್ತಲೇ ಇರುತ್ತಾರೆ.

ಕೆಲಸಕ್ಕೆ ಬಂದವರಿಗೆ ಸೋಮವಾರ ಬೆಳಗ್ಗೆ ಎದ್ದು ಹೋಗಲು ಒಂದು ಜಾಗ ಇರುತ್ತದೆ. ಜೊತೆಗೆ ಬಂದವರಿಗೆ ಇರುವುದಿಲ್ಲ. ನನಗೆ ಗೊತ್ತಿರುವ ಮಟ್ಟಿಗೆ ಅಸಲಿ ಕಷ್ಟ ಇದೊಂದೇ. ಚಳಿ, ಊಟ ಎಲ್ಲ ಆಮೇಲಿನ ಮಾತು. ಬಂದು ಎರಡು ಮೂರು ವಾರದೊಳಗೆ ನೀವೂ ಬೆಳಗ್ಗೆ ಶೂ ಹಾಕಿಕೊಂಡು ಹೊರಡುವ ಒಂದು ಜಾಗ ಮಾಡಿಕೊಳ್ಳಿ. ನಾನು "ಮೊದಲು ಮನೆ ಸೆಟ್ ಆಗಲಿ" ಅಂದುಕೊಂಡು ನಾಲ್ಕು ತಿಂಗಳು ಸುಮ್ನೆ ಕಳೆದೆ.

ಕಾಗದಪತ್ರದ್ದು ಬೇಗ ಹೇಳಿಬಿಡುತ್ತೇನೆ. ಬ್ಲೂ ಕಾರ್ಡ್ ಇರುವವರ ಗಂಡ ಅಥವಾ ಹೆಂಡತಿಗೆ ಮೊದಲ ದಿನದಿಂದಲೇ ಯಾವ ಕೆಲಸ ಬೇಕಾದರೂ ಮಾಡುವ ಹಕ್ಕಿದೆ. ವೀಸಾಗೆ ಜರ್ಮನ್ ಪರೀಕ್ಷೆಯೂ ಬೇಡ. (ಬೇಡ ಅಂತ ಕಲಿಯದೆ ಬಂದೆ ನೋಡಿ, ಅದೇ ನನ್ನ ಮೊದಲ ತಪ್ಪು.) ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು. ಅದಕ್ಕೆ ಮಾಲೀಕರಿಂದ ಒಂದು ಪತ್ರ ಬೇಕು, ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಮನೆ ಇನ್ನೊಬ್ಬರ ಪಾಲಾಗಿರುತ್ತದೆ. ಅಡ್ವಾನ್ಸ್ ಹೆಚ್ಚೆಂದರೆ ಮೂರು ತಿಂಗಳ ಬರೀ ಬಾಡಿಗೆ (ಹೀಟಿಂಗ್, ನೀರಿನ ಖರ್ಚು ಸೇರಿಸದೆ), ನಮ್ಮ ಬೆಂಗಳೂರಿನ ಹತ್ತು ತಿಂಗಳ ಕಾಟ ಇಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂತ ಖಾಲಿ ಕೋಣೆ ಮಾತ್ರ ಇರುತ್ತದೆ. ಸಿಂಕೂ ಇಲ್ಲ, ಒಲೆಯೂ ಇಲ್ಲ, ಬಲ್ಬ್ ಕೂಡ ಇಲ್ಲ. ಜಾಹೀರಾತಿನಲ್ಲಿ ಅಡುಗೆಮನೆ ಇದೆಯಾ ಅಂತ ನೋಡಿಯೇ ಹೆಜ್ಜೆ ಇಡಿ.

ಲೆಕ್ಕದವನಾಗಿ ಇನ್ನೆರಡು ಮಾತು. ನಿಮ್ಮ ಹೆಂಡತಿ ಸರ್ಕಾರಿ ವ್ಯವಸ್ಥೆಯ ಆರೋಗ್ಯ ವಿಮೆ ತೆಗೆದುಕೊಂಡರೆ, ಸಂಪಾದನೆ ಇಲ್ಲದ ನೀವು ಅದರಲ್ಲೇ ಬರುತ್ತೀರಿ, ಜಾಸ್ತಿ ದುಡ್ಡು ಕಟ್ಟಬೇಕಿಲ್ಲ. ಖಾಸಗಿ ವಿಮೆಯಲ್ಲಿ ತಲೆಗೊಂದು ಕಂತು. ಶುರುವಿನಲ್ಲಿ ಖಾಸಗಿಯದು ಅಗ್ಗ ಅಂತ ಯಾರಾದರೂ ಪುಸಲಾಯಿಸುತ್ತಾರೆ, ಹುಷಾರು. ಇನ್ನೊಂದು, ಒಬ್ಬರೇ ದುಡಿಯುವಾಗ ತೆರಿಗೆ ವರ್ಗ ಮೂರು-ಐದು (ದುಡಿಯುವವರಿಗೆ ಮೂರು, ಇನ್ನೊಬ್ಬರಿಗೆ ಐದು) ಮಾಡಿಸಿಕೊಂಡರೆ ತಿಂಗಳ ಸಂಬಳ ಕೈಗೆ ಜಾಸ್ತಿ ಬರುತ್ತದೆ. ಇದನ್ನು ಕೇಳಿ ಮಾಡಿಸಿಕೊಳ್ಳಬೇಕು, ತಾನಾಗಿ ಆಗುವುದಿಲ್ಲ. ಟಿವಿ ಇರಲಿ ಬಿಡಲಿ, ಪ್ರತಿ ಮನೆಯೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಬೇಕು. ಆ ಕಾಗದ ಬಂದಾಗ ಯಾವುದೋ ಮೋಸ ಅಂತ ಹರಿದು ಹಾಕಿದ್ದೆ. ಇನ್ನೊಂದು ಬಂತು.

ಈಗ ಒಂದು ಬೋರ್ಡಿನ ಕತೆ.

ಮೂರನೇ ವಾರ ಇರಬೇಕು. ಸಂಜೆ ಬಾಗಿಲು ತೆಗೆದರೆ ಹಿಡಿಗೆ ಒಂದು ಪುಟ್ಟ ಬೋರ್ಡು ನೇತಾಡುತ್ತಿತ್ತು. ಕೇರ್‌ವೋಖೆ ಅಂತ ಬರೆದಿತ್ತು. ಯಾರದೋ ನಮ್ಮ ಬಾಗಿಲಿಗೆ ಬಂದಿದೆ ಅಂತ ಪಕ್ಕದ ಮನೆ ಹಿಡಿಗೆ ಹಾಕಿದೆ. ಮರುದಿನ ಅದು ವಾಪಸ್ ನಮ್ಮ ಬಾಗಿಲಲ್ಲಿ. ಮತ್ತೆ ಪಕ್ಕಕ್ಕೆ ಹಾಕಿದೆ. ಮೂರನೇ ದಿನ ಕಾಲಿಂಗ್ ಬೆಲ್. ಕೆಳಗಿನ ಮನೆಯ ಅಜ್ಜಿ, ಒಂದು ಕೈಯಲ್ಲಿ ಬೋರ್ಡು, ಇನ್ನೊಂದು ಕೈಯಲ್ಲಿ ಪೊರಕೆ.

ಕೇರ್‌ವೋಖೆ ಅಂದರೆ ಗುಡಿಸುವ ವಾರ. ಈ ಭಾಗದ ಶ್ವಾಬಿಯನ್ ಜನರ ಪದ್ಧತಿ, 15ನೇ ಶತಮಾನದಷ್ಟು ಹಿಂದಿನದು ಅಂತಾರೆ. ಬೋರ್ಡು ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಅವರದು. ಮುಗಿಸಿದ ಮೇಲೆ ಬೋರ್ಡು ಮುಂದಿನ ಮನೆಗೆ. ನಮ್ಮ ಬಾಡಿಗೆ ಕರಾರಿನಲ್ಲೇ ಇತ್ತು, ಓದುವವರು ಯಾರು? ಅಂದರೆ ನಾನು ನಮ್ಮ ಸರದಿಯನ್ನು ಎರಡು ದಿನ ಪಕ್ಕದವರ ತಲೆಗೆ ಕಟ್ಟಿದ್ದೆ.

ಅಜ್ಜಿಗೆ ಇಂಗ್ಲಿಷ್ ಬರಲ್ಲ, ನನಗೆ ಜರ್ಮನ್ ಬರಲ್ಲ. ಪೊರಕೆ ಕೊಟ್ಟರು. ನಾನು ಮಧ್ಯದಿಂದ ಶುರು ಮಾಡಿದೆ. ಕಿತ್ತುಕೊಂಡರು. ಮೇಲಿನ ಮೆಟ್ಟಿಲಿಂದ ಕೆಳಕ್ಕೆ, ಮೂಲೆಯಿಂದ ನಡುವಿಗೆ, ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಮೆಟ್ಟಿಲ ಪಕ್ಕದ ಕಂಬಿ. ತೋರಿಸಿ ಮತ್ತೆ ನನ್ನ ಕೈಗೆ. ಒರೆಸಿ ಮುಗಿಸಿ ಎದ್ದರೆ ಬಗ್ಗಿ ನೋಡಿ "ನೋ ಅ ಬಿಸ್ಲೆ" ಅಂದರು. ಇನ್ನೂ ಚೂರು ಅಂತ. ನಮ್ಮಮ್ಮ ಅಂಗಳ ಸಾರಿಸುವಾಗ ನನ್ನ ತಂಗಿಗೆ ಹೀಗೇ ಹೇಳುತ್ತಿದ್ದರು. ನನಗೆ ಮಾತ್ರ ಯಾವತ್ತೂ ಪೊರಕೆ ಕೊಟ್ಟಿರಲಿಲ್ಲ.

ಆ ಅಜ್ಜಿಯೇ ನನ್ನ ಮೊದಲ ಪರಿಚಯ, ಮೊದಲ ಟೀಚರ್ ಕೂಡ. ಒಂದು ಭಾನುವಾರ ಊಟಕ್ಕೆ ಕರೆದು ಷ್ಪೆಟ್ಸ್‌ಲೆ ಮಾಡಿದರು. ಹಿಟ್ಟನ್ನು ಒಂದು ಒತ್ತುಗಕ್ಕೆ ತುಂಬಿ ಕುದಿಯುವ ನೀರಿಗೆ ಒತ್ತುತ್ತಾರೆ. ನಮ್ಮ ಶಾವಿಗೆ ಒರಳಿನ ಅಕ್ಕನೇ ಅದು! ನಮ್ಮೂರಲ್ಲೂ ಇಂಥದ್ದಿದೆ ಅಂತ ಹೇಳಲು ನನ್ನ ಹತ್ತಿರ ಇದ್ದದ್ದು ಎಂಟು ಜರ್ಮನ್ ಪದ. ಕೈಸನ್ನೆ ಮಾಡಿ ಸುಸ್ತಾಯಿತು. ಮರುದಿನವೇ ಹೋಗಿ ಕ್ಲಾಸಿಗೆ ಹೆಸರು ಕೊಟ್ಟೆ.

ಇಲ್ಲಿ ಹೆಚ್ಚುಕಡಿಮೆ ಪ್ರತಿ ಊರಲ್ಲೂ ಫೋಲ್ಕ್ಸ್‌ಹೋಖ್‌ಶೂಲೆ ಅಂತ ದೊಡ್ಡವರ ಶಾಲೆ ಇರುತ್ತದೆ, ಖಾಸಗಿ ಕ್ಲಾಸಿಗಿಂತ ಫೀಸು ಕಡಿಮೆ. ನಾನು ಸೇರಿದ್ದು ಇಂಟಿಗ್ರೇಷನ್ ಕೋರ್ಸ್: 600 ಪೀರಿಯಡ್ ಭಾಷೆ, 100 ಪೀರಿಯಡ್ ಇಲ್ಲಿನ ಕಾನೂನು, ಚರಿತ್ರೆ, ಸಮಾಜ. ನನ್ನ ಬೆಂಚಿನಲ್ಲಿ ಒಬ್ಬ ಸಿರಿಯಾದ ಕ್ಷೌರಿಕ, ಒಬ್ಬರು ಉಕ್ರೇನಿನ ಟೀಚರ್. ಮೂವರಿಗೂ ಇದ್ದ ಒಂದೇ ಭಾಷೆ ಒಡಕು ಜರ್ಮನ್. ಹಾಗಾಗಿಯೇ ಬೇಗ ಬಂತು.

ಕನ್ನಡದವರಿಗೆ ಜರ್ಮನ್‌ನಲ್ಲಿ ಒಂದು ಅನುಕೂಲ ಇದೆ, ಯಾರೂ ಹೇಳಲ್ಲ. ಉಪವಾಕ್ಯ ಬಂದರೆ ಕ್ರಿಯಾಪದ ಕೊನೆಗೆ ಹೋಗುತ್ತದೆ, ನಮ್ಮ ಹಾಗೇ. ಇಂಗ್ಲಿಷಿನಲ್ಲಿ ಯೋಚಿಸಿದರೆ ತಲೆ ಕೆಡುತ್ತದೆ, ಕನ್ನಡದಲ್ಲಿ ಯೋಚಿಸಿ. ಎಡವಟ್ಟು ಇರುವುದು ಅಂಕಿಗಳಲ್ಲಿ. 54 ಅನ್ನಲು "ನಾಲ್ಕು ಮತ್ತು ಐವತ್ತು" ಅಂತಾರೆ. ಫೋನಿನಲ್ಲಿ ಹೇಳಿದ ಮನೆ ನಂಬರ್ 54 ಅನ್ನು 45 ಅಂತ ಬರೆದುಕೊಂಡು ಯಾರದೋ ಬಾಗಿಲು ತಟ್ಟಿದ್ದೇನೆ. ಅಕೌಂಟ್ಸ್ ಮಾಡುವವನ ಗತಿ ಇದು! ಇನ್ನು ಕ್ಲಾಸಿನ ಜರ್ಮನ್ ಬೇರೆ, ಇಲ್ಲಿನ ಶ್ವಾಬಿಯನ್ ಬೇರೆ. ಪುಸ್ತಕದ ಕನ್ನಡ ಕಲಿತವನನ್ನು ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿದ ಹಾಗೆ.

ಗಂಡ ಹೆಂಡಿರ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನವೆಂಬರ್ ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ನಾನು ದಿನವಿಡೀ ಒಬ್ಬನೇ, ಅವಳು ಆರು ಗಂಟೆಗೆ ಬಂದ ಕೂಡಲೇ ನನ್ನ ಮಾತು ಶುರು. ಅವಳಿಗೋ ದಿನವಿಡೀ ಮೀಟಿಂಗ್‌ನಲ್ಲಿ ಮಾತಾಡಿ ಬಾಯಿ ಬಿದ್ದುಹೋಗಿರುತ್ತಿತ್ತು. ಒಂದು ಸಂಜೆ ಮಜ್ಜಿಗೆ ವಿಷಯಕ್ಕೆ ಜಗಳ. ಹಾಲು ತರುವ ಬದಲು ಮಜ್ಜಿಗೆ ಪ್ಯಾಕೆಟ್ ತಂದಿದ್ದೆ, ಕಾಫಿ ಒಡೆಯಿತು, ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಕೊನೆಗೆ ಅವಳೇ ಅಂದಳು: "ನಿನಗೆ ಮಾತಾಡೋಕೆ ನಾನೊಬ್ಬಳೇ ಇರೋದು ನನಗೂ ಭಾರ ಕಣೋ." ಆಗ ಕೋಪ ಬಂತು. ಈಗ ಅನಿಸುತ್ತದೆ, ಸರಿಯಾಗೇ ಹೇಳಿದ್ದಳು.

ದುಡ್ಡೂ ಅಷ್ಟೇ. ತರಕಾರಿಗೆ ಅವಳ ಕಾರ್ಡ್ ಕೇಳುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತಿತ್ತು. ಬಂದ ತಿಂಗಳೇ ಜಂಟಿ ಖಾತೆ ತೆರೆದು ನಿಮ್ಮ ಹೆಸರಿನ ಕಾರ್ಡ್ ಮಾಡಿಸಿಕೊಳ್ಳಿ. ಲೈಬ್ರರಿ ಕಾರ್ಡೂ ಮಾಡಿಸಿ. ಊರಿನ ದೊಡ್ಡ ಲೈಬ್ರರಿ 2011ರಲ್ಲಿ ಕಟ್ಟಿದ್ದು, ಒಳಗೆಲ್ಲ ಬಿಳಿ ಬಿಳಿ, ಬೆಚ್ಚಗಿರುತ್ತದೆ, ಎಷ್ಟು ಹೊತ್ತು ಕೂತರೂ ಏಳಿ ಅನ್ನಲ್ಲ. ನನ್ನ ಮೊದಲ ಚಳಿಗಾಲದ ಅರ್ಧ ಅಲ್ಲೇ ಕಳೆಯಿತು.

ಕೆಲಸದ ಬಗ್ಗೆ ಆಸೆ ಇಟ್ಟುಕೊಳ್ಳಿ, ಅವಸರ ಬೇಡ. ಐಟಿಯವರಾದರೆ ಇಂಗ್ಲಿಷಿನಲ್ಲೇ ಏನಾದರೂ ಸಿಗಬಹುದು. ನನ್ನಂಥವರಿಗೆ ಭಾಷೆ ಇಲ್ಲದೆ ಬಾಗಿಲು ತೆರೆಯಲ್ಲ, ಇಲ್ಲಿನ ಬಿಲ್ಲು ಇನ್ವಾಯ್ಸ್ ಎಲ್ಲ ಜರ್ಮನ್‌ನಲ್ಲೇ. ನಿಮ್ಮ ಡಿಗ್ರಿಗೆ ಇಲ್ಲಿ ಮಾನ್ಯತೆ ಇದೆಯಾ ಅಂತ ಅನಾಬಿನ್ ಅನ್ನುವ ಸರ್ಕಾರಿ ಡೇಟಾಬೇಸ್‌ನಲ್ಲಿ ಈಗಲೇ ನೋಡಿಕೊಳ್ಳಿ. ನನಗೆ ಬಿ2 (ಜರ್ಮನ್ ಕಲಿಕೆಯ ಆರು ಹಂತಗಳಲ್ಲಿ ನಾಲ್ಕನೆಯದು) ಮುಗಿಸಲು ಒಂದೂಕಾಲು ವರ್ಷ ಹಿಡಿಯಿತು. ಟ್ಯಾಲಿ ಬಿಟ್ಟು ಇಲ್ಲಿನವರ ಲೆಕ್ಕದ ಸಾಫ್ಟ್‌ವೇರ್ ಡೇಟೆವ್ ಕಲಿತೆ. ಹತ್ತೊಂಬತ್ತನೇ ತಿಂಗಳಿಗೆ ಒಂದು ಸಣ್ಣ ಕಂಪನಿಯಲ್ಲಿ ಅರ್ಧ ದಿನದ ಕೆಲಸ ಸಿಕ್ಕಿತು. ಸಂಬಳ ಬೆಂಗಳೂರಿನಲ್ಲಿ ಇದ್ದ ಗತ್ತಿನದಲ್ಲ. ಮೊದಲ ಸಂಬಳದಲ್ಲಿ ಅಜ್ಜಿಗೆ ಒಂದು ಹೊಸ ಪೊರಕೆ ಕೊಡಿಸಿದೆ. ಅವರು ಅದರ ಕೂದಲು ಎಳೆದು ನೋಡಿ, ಪರವಾಗಿಲ್ಲ ಅನ್ನುವ ಹಾಗೆ ತಲೆಯಾಡಿಸಿದರು.

ನೆಂಟರ ಮಾತಿಗೆ ನನ್ನ ಹತ್ತಿರ ಔಷಧ ಇಲ್ಲ. ನಮ್ಮ ಮಾವ ಈಗಲೂ ಫೋನಿನಲ್ಲಿ "ಮತ್ತೆ, ಅಡುಗೆ ಏನು ಮಾಡಿದೆಯಪ್ಪಾ?" ಅಂತ ಕೇಳುತ್ತಾರೆ. ಇವತ್ತು ಬಸ್ಸಾರು ಅಂತ ಹೇಳಿದೆ.

ನೀವು ಅಕ್ಟೋಬರ್‌ನಲ್ಲಿ ಬರುತ್ತಿದ್ದೀರಿ ಅಂದಿರಲ್ಲ, ಸೂಟ್‌ಕೇಸಿನಲ್ಲಿ ಅಕ್ಕಿ ಬೇಳೆ ತುಂಬಬೇಡಿ. ಸೋನಾ ಮಸೂರಿ, ರಾಗಿ ಹಿಟ್ಟು ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲಿ ಹೆಚ್ಚಾಗಿ ಕರೆಂಟ್ ಒಲೆ, ಹಾಗಾಗಿ ಇಂಡಕ್ಷನ್ ತಳದ ಕುಕ್ಕರ್ ತನ್ನಿ. ಜೊತೆಗೆ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್. ಕಾಫಿ ಫಿಲ್ಟರ್ ಮರೆಯಬೇಡಿ. ಡ್ರೈವಿಂಗ್ ಲೈಸೆನ್ಸೂ ತನ್ನಿ. ಅದು ಇಲ್ಲಿ ಆರು ತಿಂಗಳು ನಡೆಯುತ್ತದೆ, ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸಾಗಬೇಕು. ನಾನು ಒಂದು ಸಲ ಫೇಲಾದೆ.