ಲೆಕ್ಕ ಸರಿ ಇದೆ, ಕ್ಲಾಸು?

ನಮಸ್ಕಾರ ಸರ್, ಇಂಡೋನೇಷ್ಯಾದ ಇಸ್ಲಾಮಿಕ್ ಯೂನಿವರ್ಸಿಟಿಗಳ ಬಗ್ಗೆ ನಾವು ಹಾಕಿದ್ ಲೇಖನ ಓದಿ, ಅಲ್ಲಿ ಲೆಕ್ಚರರ್‌ಗಳ ಕೆಲ್ಸಕ್ಕೆ ಇಷ್ಟೆಲ್ಲ ಲೆಕ್ಕ ಇಡ್ತಾರಲ್ಲ, ಆದ್ರೂ ಪಾಠ ಯಾಕೆ ಸುಧಾರಿಸಲ್ಲ ಅಂತ ಕೇಳಿದೀರಿ.

ಲೆಕ್ಕ ಇರೋದೇನೋ ನಿಜ. ಅಲ್ಲಿ ಲೆಕ್ಚರರ್‌ಗೆ ದೋಸೆನ್ ಅಂತಾರೆ (ನಗಬೇಡಿ, ಡಚ್ಚರಿಂದ ಬಂದ ಪದ), ಅವರ ಕೆಲ್ಸಕ್ಕೆ ತ್ರಿ ಧರ್ಮ ಅಂತ ಹೆಸರು, ಅಂದ್ರೆ ಪಾಠ, ಸಂಶೋಧನೆ, ಸಮಾಜ ಸೇವೆ. 2005ರ 14ನೇ ನಂಬರ್ ಕಾನೂನಿನ ಪ್ರಕಾರ ಸೆಮಿಸ್ಟರ್‌ಗೆ 12ರಿಂದ 16 ಕ್ರೆಡಿಟ್ ಕೆಲ್ಸ ತೋರಿಸ್ಬೇಕು. ಲೆಕ್ಚರರ್ ಅರ್ಹತೆಯ ಸರ್ಟಿಫಿಕೇಟ್ ಸಿಕ್ಕಿದವರಿಗೆ ಒಂದು ಮೂಲ ಸಂಬಳದಷ್ಟು ಭತ್ಯೆ ಬೇರೆ ಇದೆ, ಹಾಗಾಗಿ ರಿಪೋರ್ಟ್ ಮಾತ್ರ ಯಾರೂ ತಪ್ಪಿಸಲ್ಲ! ಆದ್ರೆ ಸರ್ಟಿಫಿಕೇಟು, ಹಾಜರಾತಿ, ಪೇಪರ್ ಪ್ರಕಟ ಆಗಿರೋ ಪ್ರೂಫು ಇವೆಲ್ಲ ಫೈಲಲ್ಲಿ ಕೂರೋ ವಸ್ತುಗಳು, ಹಿಂದಿನ ಬೆಂಚಿನ ಹುಡುಗಿಗೆ ಅರ್ಥ ಆಯ್ತಾ ಅನ್ನೋದು ಫೈಲಲ್ಲಿ ಕೂರಲ್ಲ.

ಇನ್ನೊಂದು ಕಷ್ಟ ಇದೆ, ನನಗೆ ಇದೇ ದೊಡ್ಡದು ಅನ್ಸೋದು. ಜಕಾರ್ತಾದ ಇಸ್ಲಾಮಿಕ್ ಇನ್‌ಸ್ಟಿಟ್ಯೂಟ್ 2002ರಲ್ಲಿ ಪೂರ್ತಿ ಯೂನಿವರ್ಸಿಟಿ ಆಯ್ತು, 2004ರಲ್ಲಿ ಯೋಗ್ಯಕರ್ತಾದ್ದೂ ಆಯ್ತು, ಆಮೇಲೆ ಧರ್ಮಶಾಸ್ತ್ರದ ಪಕ್ಕದಲ್ಲೇ ವಿಜ್ಞಾನದ ವಿಭಾಗಗಳು ಬಂದ್ವು. ಪೆಸಂತ್ರೆನ್‌ನಲ್ಲಿ, ಅಂದ್ರೆ ಅಲ್ಲಿನ ಧಾರ್ಮಿಕ ವಸತಿ ಶಾಲೇಲಿ, ಅರಬ್ಬಿ ಗ್ರಂಥ ಸಾಲು ಸಾಲಾಗಿ ಓದಿ ಪಳಗಿದ ಫಿಕ್ಹ್ (ಇಸ್ಲಾಮಿಕ್ ಧರ್ಮ ಕಾನೂನು) ಮೇಷ್ಟ್ರಿಗೂ ಈಗ ಇಂಟರ್‌ನ್ಯಾಷನಲ್ ಜರ್ನಲ್‌ಗೆ ಇಂಗ್ಲಿಷಲ್ಲಿ ಪೇಪರ್ ಬರೀರಿ ಅಂದ್ರೆ, ಅವ್ರು ಬಲ್ಲ ವಿದ್ಯೆಗೆ ಅಂಕಣಾನೇ ಇಲ್ಲದ ಫಾರಂ ಕೈಗೆ ಕೊಟ್ಟಂಗಾಯ್ತು.

ಇದೆಲ್ಲದರ ಮೇಲೆ "ಇಖ್ಲಾಸ್ ಇಟ್ಕೊಂಡು ಕೆಲ್ಸ ಮಾಡಿ" ಅನ್ನೋ ಉಪದೇಶ. ನಿಷ್ಕಲ್ಮಶವಾಗಿ ದುಡಿಯೋದು ದೊಡ್ಡ ಮಾತೇ, ಆದ್ರೆ ಸಂಬಳ ಸಾಲದೆ ಎರಡು ಮೂರು ಕಡೆ ಪಾಠಕ್ಕೆ ಓಡೋ ಮೇಷ್ಟ್ರಿಗೆ ಅದನ್ನೇ ಹೇಳಿ ಕಳಿಸೋದು ಮ್ಯಾನೇಜ್‌ಮೆಂಟಿನ ಸೋಮಾರಿತನ ಅಂತೀನಿ ನಾನು.

ಸುಧಾರಿಸೋದು ಹೇಗೆ ಅಂದ್ರಿ. ವಿಭಾಗದ ಮುಖ್ಯಸ್ಥರು ಸೆಮಿಸ್ಟರಲ್ಲಿ ಎರಡು ಸಲ ಕ್ಲಾಸಲ್ಲಿ ಹಿಂದೆ ಕೂತು ನೋಡ್ಲಿ, ಅವತ್ತೇ ಒಂದರ್ಧ ಗಂಟೆ ಮಾತಾಡ್ಲಿ, ಮಾರ್ಕ್ಸ್ ಹಾಕ್ದೆ. ಹೊಸಬರನ್ನ ಒಬ್ಬ ಹಳೇ ಮೇಷ್ಟ್ರ ಜೊತೆ ಬಿಡ್ಲಿ. ಸ್ಟೂಡೆಂಟ್ಸ್ ಅಭಿಪ್ರಾಯನ ಕೊನೇಲಿ ಕೇಳಿದ್ರೆ ಆ ಬ್ಯಾಚಿಗೇನೂ ಲಾಭ ಇಲ್ಲ, ನಾಲ್ಕನೇ ವಾರದಲ್ಲೇ ಕೇಳ್ಬೇಕು.

ಆದ್ರೆ ಸ್ಟೂಡೆಂಟ್ಸ್ ಕೊಡೋ ರೇಟಿಂಗ್ ನೋಡಿ ಭತ್ಯೆ ಕಟ್ ಮಾಡ್ಬೇಕು ಅಂತೀರಲ್ಲ, ಅದನ್ನ ಮಾತ್ರ ಒಪ್ಪಲ್ಲ ಸರ್. ಹಾಗ್ ಮಾಡಿದ್ರೆ ಮುಂದಿನ ಸೆಮಿಸ್ಟರಿಂದ ಎಲ್ಲರಿಗೂ ಎ ಗ್ರೇಡೇ.